ಇಳಿದು ನಡೆ

ನಮ್ಮಪ್ಪ ಸೈಕಲ್ಲಿನಿಂದ ಇಳಿಯುತ್ತಿದ್ದ.

ಪಟೇಲರ ಮನೆ ಜಗಲಿ ಕಣ್ಣಿಗೆ ಬಿದ್ದದ್ದೇ ತಡ, ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಸಿಕ್ಕಿಸಿ, ಹ್ಯಾಂಡಲ್ಲು ಹಿಡಿದು, ತಲೆ ತಗ್ಗಿಸಿ ತಳ್ಳಿಕೊಂಡು ಹೋಗುತ್ತಿದ್ದ. ಜಗಲಿ ದಾಟಿ ಬೇವಿನ ಮರ ಬಂದ ಮೇಲೆ ಮತ್ತೆ ಹತ್ತುತ್ತಿದ್ದ. ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದ ನಾನೂ ಇಳಿಯಬೇಕಿತ್ತು. "ಯಾಕಪ್ಪಾ ಇಳೀಬೇಕು?" ಅಂದರೆ, "ಇಳುದ್ರೆ ಕಾಲೇನ್ ಸವೆಯಾಕಿಲ್ಲ, ಬಾರ್ಲಾ" ಅನ್ನುತ್ತಿದ್ದ. ಸವೆಯಿತು. ಕಾಲಷ್ಟೇ ಅಲ್ಲ, ಆಳೇ ಸವೆದು ಹೋದ.

ಇಳಿಯಬಾರದು ಅಂತಲೇ ನಾನು ಓದಿದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದೆ. ಸಾಲ ತೆಗೆದು ಹಳೇ ಬೈಕೊಂದನ್ನು ಕೊಂಡೆ. ಕೊಂಡ ದಿನ ಕೆಲಸವಿಲ್ಲದಿದ್ದರೂ ಪಟೇಲರ ಮನೆ ಮುಂದೆ ಎರಡು ಸಲ ಹಾದುಹೋದೆ, ಸೀಟಿನ ಮೇಲೆ ಸೆಟೆದು ಕೂತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಮಾತ್ರ ಕಣ್ಣಲ್ಲಿ ನೀರು ಬಂದಿತ್ತು.

ಒಂದು ರಾತ್ರಿ ಅದೇ ಜಗಲಿಯ ಮುಂದೆ ಅದೇ ಬೈಕನ್ನು ತಳ್ಳಿಕೊಂಡು ಬಂದೆ. ರಿಸರ್ವೂ ಮುಗಿದಿತ್ತು. ಜೇಬಿನಲ್ಲಿ ಹದಿನೆಂಟು ರೂಪಾಯಿ. ಪಟೇಲರ ಮೊಮ್ಮಗ ಮೊಬೈಲಿಂದ ಕಣ್ಣೆತ್ತಿ, "ಏನ್ ಮೇಷ್ಟ್ರೇ, ಇಳುದ್ಬಿಟ್ರಲ್ಲ!" ಅಂದ. ನಕ್ಕ. ಹಲ್ಲು ಥೇಟ್ ಅವರಜ್ಜಂದೇ.

ಅಪ್ಪನನ್ನು ಇಳಿಸಿದ್ದು ಜಾತಿ, ನನ್ನನ್ನು ಇಳಿಸಿದ್ದು ಬೆಲೆ. ಜಗಲಿ ಅದೇ.

ನಮ್ಮದು ಪಾವಗಡ ಸೀಮೆ. ತುಮಕೂರು ಜಿಲ್ಲೆಯ ಮೈಯಿಂದ ಕಿತ್ತು ಆಂಧ್ರದೊಳಗೆ ಎಸೆದ ಹಾಗಿರುವ ತಾಲ್ಲೂಕು. ಮಧುಗಿರಿಗೆ ಹೋಗುವ ದಾರಿಯಲ್ಲೂ ನಡುವೆ ಆಂಧ್ರದ ನೆಲ ಬರುತ್ತದೆ. ಗಡಿಗೆ ಬೇಲಿಯಿಲ್ಲ. ಮಣ್ಣು ಅದೇ, ಕಡಲೆಕಾಯಿ ಅದೇ, ಬರವೂ ಅದೇ. ಬದಲಾಗುವುದು ಪೆಟ್ರೋಲ್ ಬಂಕಿನ ಬೋರ್ಡಿನ ಅಂಕಿ. 2025ರಲ್ಲಿ ನಮ್ಮ ಕಡೆ ಲೀಟರಿಗೆ 103ರ ಆಸುಪಾಸು, ಆ ಕಡೆ 109ರ ಆಸುಪಾಸು. ಅಲ್ಲಿನ ಸರ್ಕಾರ ಶೇ. 31 ವ್ಯಾಟ್ ಹಾಕಿ, ಅದರ ಮೇಲೆ ಲೀಟರಿಗೆ 4 ರೂಪಾಯಿ ಎಳೆದು, ಸಾಲದು ಅಂತ ರಸ್ತೆ ಸೆಸ್ 1 ರೂಪಾಯಿ ಕೀಳುತ್ತದೆ. ಅದಕ್ಕೇ ಆಂಧ್ರದ ಗಾಡಿಗಳು ನಮ್ಮ ಬಂಕಿಗೆ ಬಂದು ಸಾಲು ನಿಲ್ಲುತ್ತವೆ. ಕರ್ನಾಟಕದಲ್ಲಿ ಪೆಟ್ರೋಲು ಅಗ್ಗವಂತೆ!

ಯಾರಿಗೆ ಅಗ್ಗ? ಬನ್ನಿ, ಬಂಕಿನಲ್ಲಿ ನನ್ನ ಪಕ್ಕ ನಿಂತು ನೋಡಿ.

ನನ್ನ ಮುಂದೆ ಆಂಧ್ರ ನಂಬರಿನ ದೊಡ್ಡ ಬಿಳಿ ಕಾರು. "ಫುಲ್ ಮಾಡಪ್ಪಾ." ಅಳತೆಯ ಅಂಕಿಗಳು ಗಿರಗಿರ ತಿರುಗುತ್ತವೆ. ಅರವತ್ತು ಲೀಟರು. ಲೀಟರಿಗೆ ಆರು ರೂಪಾಯಿ ಉಳಿದರೆ ಒಂದೇ ಸಲಕ್ಕೆ ಅವನಿಗೆ 360 ಲಾಭ. ಆಮೇಲೆ ನನ್ನ ಸರದಿ. ಪೈಪು ಹಿಡಿದ ಹುಡುಗ ನನ್ನ ಹಳೇ ಶಿಷ್ಯ; ಡಿಗ್ರಿ ಮುಗಿಸಿ ಇಲ್ಲಿಗೆ ಬಂದು ಸೇರಿದವನು. ಎಷ್ಟಕ್ಕೆ ಅಂತ ಅವನು ಕೇಳುವುದಿಲ್ಲ. ಹಿಂದಿನವರಿಗೆ ಕಾಣದ ಹಾಗೆ ಮೀಟರಿಗೆ ಅಡ್ಡ ನಿಂತು ನೂರು ರೂಪಾಯಿ ಒತ್ತುತ್ತಾನೆ. ನನ್ನ ಮಾನ ಕಾಯುವ ಆ ಬೆನ್ನನ್ನು ನೋಡುತ್ತಾ ನಿಲ್ಲುತ್ತೇನೆ. ಒಂದು ಲೀಟರೂ ತುಂಬುವುದಿಲ್ಲ. ಹಿಂದಿನ ಕಾರಿನವನಿಗೆ ಅಷ್ಟೂ ತಾಳ್ಮೆಯಿಲ್ಲ, ಹಾರ್ನ್ ಒತ್ತುತ್ತಾನೆ.

ಅಗ್ಗದಲ್ಲೂ ಪಾಲು ದೊಡ್ಡ ಟ್ಯಾಂಕಿನವನಿಗೇ.

ಈಗ ನನ್ನ ಲೆಕ್ಕ. ಪಾಠ ಮಾಡುವುದು ಒಂದು ಖಾಸಗಿ ಕಾಲೇಜಿನಲ್ಲಿ. ಹೋಗಿ ಬರಲು ದಿನಕ್ಕೆ ನೂರು ಕಿಲೋಮೀಟರ್. ಬಸ್ಸಿಲ್ಲವೇ? ಇದೆ, ಮೊದಲನೇ ಪೀರಿಯಡ್ ಮುಗಿದ ಮೇಲೆ ತಲುಪುತ್ತದೆ. ಲೀಟರಿಗೆ 50 ಕೊಡುತ್ತಿದ್ದ ಬೈಕು ಎಥನಾಲ್ ಬೆರೆಸಿದ ಪೆಟ್ರೋಲು ಕುಡಿದು ಈಗ 47ಕ್ಕೇ ಏದುಸಿರು ಬಿಡುತ್ತದೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಮೈಲೇಜು ಬೀಳುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಬರೆದಿಟ್ಟಿದೆ. ಮೈಲೇಜು ಇಳಿಯಿತು. ಬೆಲೆ ಇಳಿಯಲಿಲ್ಲ. ತಿಂಗಳಿಗೆ ಇಪ್ಪತ್ತನಾಲ್ಕು ದಿನ ಹಿಡಿದರೂ ಪೆಟ್ರೋಲಿಗೇ ಐದು ಸಾವಿರದ ಮೇಲೆ. ಕಾಲೇಜು ಕೊಡುವುದು ಹದಿನೈದು ಸಾವಿರ, ಅದೂ ಅವರಿಗೆ ನೆನಪಾದಾಗ. ಅಂದರೆ ನಾನು ಮೂರು ದಿನ ದುಡಿದರೆ ಅದರಲ್ಲಿ ಒಂದು ದಿನ ಕೆಲಸಕ್ಕೆ ಹೋಗುವುದಕ್ಕಾಗಿಯೇ ಕೆಲಸ ಮಾಡುತ್ತೇನೆ. ಇದಕ್ಕೆ ನಮ್ಮಪ್ಪನ ಕಾಲದಲ್ಲಿ ಜೀತ ಅಂತ ಹೆಸರಿತ್ತು. ಈಗ ಉದ್ಯೋಗ.

ಕ್ಲಾಸಿನಲ್ಲಿ ನಾನು ಪರೋಕ್ಷ ತೆರಿಗೆಯ ಪಾಠ ಮಾಡುತ್ತೇನೆ. ಆದಾಯ ತೆರಿಗೆ ನಿನ್ನ ಗಳಿಕೆ ಎಷ್ಟು ಅಂತ ಕೇಳುತ್ತದೆ ಮಕ್ಕಳಾ. ಪೆಟ್ರೋಲ್ ತೆರಿಗೆ ಕೇಳುವುದಿಲ್ಲ. 2025ರ ಏಪ್ರಿಲಿನಲ್ಲಿ ಕೇಂದ್ರ ಇನ್ನೆರಡು ರೂಪಾಯಿ ಏರಿಸಿದ ಮೇಲೆ ಒಂದು ಲೀಟರಿನಲ್ಲಿ ದಿಲ್ಲಿಯ ಪಾಲು 21.90 ಆಯಿತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಬರೀ 1.40, ಮಿಕ್ಕಿದ್ದಕ್ಕೆಲ್ಲ ಸೆಸ್ಸು, ಹೆಚ್ಚುವರಿ ಸುಂಕ ಅಂತ ಹೆಸರಿಟ್ಟು ಗಂಟು ಕಟ್ಟಿಕೊಂಡರು. ನಮ್ಮ ರಾಜ್ಯವೇನು ಸಾಮಾನ್ಯವೇ? ದಿಲ್ಲಿಯ ಸುಂಕವನ್ನೂ ಸೇರಿಸಿಕೊಂಡು ಅದರ ಮೇಲೆ ಶೇ. 29.84 ಮಾರಾಟ ತೆರಿಗೆ ಹಾಕುತ್ತದೆ. ತೆರಿಗೆಯ ನೆತ್ತಿಯ ಮೇಲೆ ತೆರಿಗೆ. ಆ ವರ್ಷ ನಾನು ಕೊಟ್ಟ ನೂರರಲ್ಲಿ ನಲವತ್ತಕ್ಕೂ ಮೇಲೆ ಸರ್ಕಾರಗಳಿಗೆ ಹೋಯಿತು. ಪಟೇಲರ ಮೊಮ್ಮಗ ಕೊಟ್ಟ ನೂರರಲ್ಲೂ ಅಷ್ಟೇ.

ಸಂವಿಧಾನ ಕೊಟ್ಟ ಸಮಾನತೆಯನ್ನು ಊರು ಕೊಡಲಿಲ್ಲ, ಗುಡಿ ಕೊಡಲಿಲ್ಲ. ಬಂಕು ಕೊಟ್ಟಿತು.

ಬೆಲೆ ಮಾರುಕಟ್ಟೆಯ ಕೈಲಿದೆ ಅನ್ನುತ್ತಾರೆ. 2010ರ ಜೂನ್‌ನಲ್ಲಿ ಪೆಟ್ರೋಲನ್ನು ಸರ್ಕಾರದ ಹಿಡಿತದಿಂದ ಬಿಟ್ಟದ್ದು, 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಬೆಲೆ ಬದಲಾಗತೊಡಗಿದ್ದು ಎಲ್ಲರಿಗೂ ಗೊತ್ತು. ಹಾಗಾದರೆ 2018ರ ಏಪ್ರಿಲ್ 24ರಿಂದ ಹತ್ತೊಂಬತ್ತು ದಿನ ಈ ಮಾರುಕಟ್ಟೆಗೆ ಏನು ಲಕ್ವಾ ಹೊಡೆದಿತ್ತು? ಮೇ 12ಕ್ಕೆ ಕರ್ನಾಟಕ ಓಟು ಹಾಕಿತು, 14ಕ್ಕೆ ಬೆಲೆ ಎದ್ದು ಕೂತಿತು. 2020ರ ಏಪ್ರಿಲಿನಲ್ಲಿ ಅಮೆರಿಕದ ಕಚ್ಚಾತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗೆ ಬಿತ್ತು. ಇಳಿಕೆ ನನ್ನ ಬೈಕಿನ ತನಕ ಬರುವ ಮೊದಲೇ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲಿನ ಮೇಲೆ ಹತ್ತು ರೂಪಾಯಿ ಸುಂಕ ಏರಿಸಿ ನುಂಗಿತು. ಏರಿದರೆ ಜಗತ್ತಿನ ತಪ್ಪು, ಇಳಿದರೆ ಖಜಾನೆಯ ಪುಣ್ಯ!

ಈ ಕಡೆಯವರನ್ನಾದರೂ ನಂಬೋಣವೇ? 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಬೆಲೆ ಏರಿಕೆ ವಿರುದ್ಧ ಎತ್ತಿನ ಗಾಡಿ ಹತ್ತಿ ವಿಧಾನಸೌಧಕ್ಕೆ ಹೋದರು. ಟಿವಿ ಮುಂದೆ ನಾನು ಚಪ್ಪಾಳೆ ತಟ್ಟಿದೆ. ಅದೇ ಜೋಡಿಯ ಸರ್ಕಾರ 2024ರ ಜೂನ್ 15ರಂದು, ಲೋಕಸಭೆ ಫಲಿತಾಂಶದ ಶಾಯಿ ಒಣಗುವ ಮೊದಲೇ, ಪೆಟ್ರೋಲನ್ನು ಮೂರು ರೂಪಾಯಿ ಏರಿಸಿತು. ಆಗ ಬೀದಿಗಿಳಿದು ಬಾಯಿ ಬಡಿದುಕೊಂಡವರು ಬಿಜೆಪಿಯವರು, 2020ರಲ್ಲಿ ತುಟಿ ಹೊಲಿದುಕೊಂಡಿದ್ದವರು. ಕುರ್ಚಿ ಸಿಕ್ಕರೆ ಗಾಡಿಯಿಂದ ಇಳಿಯುತ್ತಾರೆ, ಕುರ್ಚಿ ಹೋದರೆ ಹತ್ತುತ್ತಾರೆ.

ಆ ಎತ್ತುಗಳ ಮುಂದೆಯಾದರೂ ನಾಚಿಕೆಯಾಗಬೇಕಿತ್ತು.

ಬೆಲೆ ಏರಿದ ವಾರ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ಟೀ ಹೀರುತ್ತಾ ಅಂದರು: "ಹೆಂಗಸ್ರಿಗೆ ಪುಕ್ಕಟೆ ಬಸ್ಸು ಬಿಟ್ಟಿದ್ದಕ್ಕೇ ಇದೆಲ್ಲ. ನಮ್ಮ ತೆರಿಗೆ ದುಡ್ಡಲ್ಲಿ ನಿಮ್ಮಂಥೋರ ತಾಯಂದ್ರು ಊರೂರು ಸುತ್ತುತಾರೆ." ನಮ್ಮವ್ವ ಸುತ್ತುವುದು ತಾಲ್ಲೂಕು ಆಸ್ಪತ್ರೆಗೆ, ಸಕ್ಕರೆ ಕಾಯಿಲೆ ಮಾತ್ರೆಗೆ. ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಕ್ಲಾಸು ಕೊಡುವುದು, ಬಿಡುವುದು ಅವರ ಕೈಲಿತ್ತು. ಕಪ್ಪು ತೊಳೆದಿಟ್ಟು ಎದ್ದುಹೋದೆ. ಆ ಮೌನಕ್ಕೆ ಈಗಲೂ ನನಗೆ ನಾನೇ ಉಗಿದುಕೊಳ್ಳುತ್ತೇನೆ.

ಇನ್ನೊಬ್ಬರು ಕರುಣೆಯಿಂದ ಸಲಹೆ ಕೊಟ್ಟರು: "ಎಲೆಕ್ಟ್ರಿಕ್ ಗಾಡಿ ತಗೊಂಡ್ಬಿಡ್ರಿ, ಪೆಟ್ರೋಲ್ ಗೋಳೇ ಇಲ್ಲ." ಲಕ್ಷ ರೂಪಾಯಿ ಕೊಡುವವರು ಯಾರು ಅಂತ ಹೇಳಲಿಲ್ಲ. ಕರೆಂಟೇನೋ ನಮ್ಮಲ್ಲೇ ಹುಟ್ಟುತ್ತದೆ, ಪಾವಗಡದ ತಿರುಮಣಿಗೆ ಹೋಗಿ ನೋಡಿ: 13,000 ಎಕರೆ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000ದಿಂದ ಶುರುವಾದ ಗುತ್ತಿಗೆ ಹಣ. ಅಂಥ ಹೊಲಗಳಲ್ಲಿ ಕಳೆ ಕಿತ್ತು ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿಯಿಲ್ಲದವರಿಗೆ ಇದ್ದ ಕೂಲಿಯೂ ಹೋಯಿತು. ಗಾಜಿಗೆ ಕಳೆ ಕೀಳುವವರು ಬೇಕಿಲ್ಲ. ನಮ್ಮ ಬಿಸಿಲು ತಂತಿ ಹಿಡಿದು ಪಟ್ಟಣ ಸೇರುತ್ತದೆ. ನಾನು ಅದೇ ಬಿಸಿಲಲ್ಲಿ ಬೈಕು ತಳ್ಳುತ್ತೇನೆ.

ಓದುಗ ಮಹಾಶಯರೇ, ನಿಮ್ಮ ಅನುಕಂಪ ನಿಮ್ಮ ಹತ್ತಿರವೇ ಇರಲಿ. ನಾನು ಕೇಳುವುದು ಎರಡೇ. ತೆರಿಗೆದಾರ ಅಂದರೆ ತಾವೊಬ್ಬರೇ ಅಂತ ಇನ್ನು ಮೇಲೆ ಬೀಗಬೇಡಿ. ಬಂಕಿನಲ್ಲಿ ನಿಮ್ಮ ಮುಂದೆ ಯಾರಾದರೂ ನೂರು ರೂಪಾಯಿಗೆ ಪೆಟ್ರೋಲು ಹಾಕಿಸುತ್ತಿದ್ದರೆ ಹಾರ್ನ್ ಒತ್ತಬೇಡಿ. ಲೀಟರಿಗೆ ಅವನು ಕೊಡುವ ತೆರಿಗೆ ನೀವು ಕೊಡುವಷ್ಟೇ.