ಮೊಬೈಲಿನಲ್ಲಿ ನಾಡಿ ಸಿಗುವುದಿಲ್ಲ

"ಮೊಬೈಲ್ ನೋಡಿ ಪಾಸಾದ ಡಾಕ್ಟರು." ಕೊರೊನಾ ಕಾಲದಲ್ಲಿ ಎಂಬಿಬಿಎಸ್ ಓದಿದವರ ಬಗ್ಗೆ ಅರಳಿಕಟ್ಟೆಯಲ್ಲಿ ಈ ಕುಹಕ ಇನ್ನೂ ನಿಂತಿಲ್ಲ. ನಗುವುದು ಸುಲಭ. ಆದರೆ ಬೈಯಬೇಕಾದದ್ದು ಆ ಹುಡುಗರನ್ನಲ್ಲ.

2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದವು. ನಮ್ಮ ರಾಜ್ಯದಲ್ಲಿ ವೈದ್ಯಕೀಯ ಕಾಲೇಜುಗಳು ಮತ್ತೆ ತೆರೆದದ್ದು ಡಿಸೆಂಬರ್‌ನಲ್ಲಿ. ಊರಿಗೆ ಬಂದ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ ಪಾಠ ಕೇಳಿದರು. ಆನ್‌ಲೈನ್ ಬೇಡವೇ ಬೇಡ ಎಂದು ಅವರು ಹಟ ಹಿಡಿಯಲಿಲ್ಲ. ಥಿಯರಿಗೆ ಆಗುತ್ತದೆ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಬಹುದು ಎಂದರು. ಆದರೆ ಹೊಟ್ಟೆ ಒತ್ತಿ ನೋವು ಹುಡುಕುವುದು, ಎದೆಯ ಸದ್ದಿನಲ್ಲಿ ವ್ಯತ್ಯಾಸ ಹಿಡಿಯುವುದು, ಹೆರಿಗೆ ಮಾಡಿಸುವುದು ಪರದೆ ನೋಡಿ ಬರುವುದಿಲ್ಲ ಎಂದರು. ಕೆಲವರು ಇದನ್ನು ಸೋಮಾರಿಗಳ ನೆಪ ಎಂದರು. ನೆಪ ಎಲ್ಲಿಂದ ಬಂತು? ಅವರು ಕೇಳಿದ್ದು ಹೆಚ್ಚು ಕೆಲಸವನ್ನು!

ಅವರ ಮಾತು ಸರಿ ಎಂದು ದೇಶದ ವೈದ್ಯಕೀಯ ಆಯೋಗವೇ ಆಮೇಲೆ ಒಪ್ಪಿತು. ಕೋವಿಡ್, ಯುದ್ಧದಿಂದಾಗಿ ವಿದೇಶದಿಂದ ಮರಳಿ, ಕೊನೆಯ ವರ್ಷವನ್ನು ಆನ್‌ಲೈನ್‌ನಲ್ಲಿ ಮುಗಿಸಿದವರಿಗೆ 2022ರಲ್ಲಿ ಒಂದರ ಬದಲು ಎರಡು ವರ್ಷ ಇಂಟರ್ನ್‌ಶಿಪ್ ವಿಧಿಸಿತು. ಇಲ್ಲಿ ಓದಿದವರಿಗೆ ಕಾಲೇಜು ತೆರೆದ ಮೇಲೆ ವಾರ್ಡ್ ಸಿಕ್ಕಿತು, ನಿಜ. ಆದರೆ ಆಗ ಎಷ್ಟೋ ಆಸ್ಪತ್ರೆಗಳು ಕೋವಿಡ್ ಆಸ್ಪತ್ರೆಗಳೇ ಆಗಿದ್ದವು. ಒಂದೇ ಕಾಯಿಲೆ ನೋಡಿ ನೂರು ಕಾಯಿಲೆ ಕಲಿಯಲಾದೀತೇ?

ಇದು ಪಟ್ಟಣದವರಿಗಿಂತ ನಮಗೆ ಹೆಚ್ಚು ತಟ್ಟುವ ವಿಷಯ. ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಎಂಬುದು ಸರ್ಕಾರದ ಅಳತೆ. ಎಷ್ಟೋ ಕಡೆ ಅಲ್ಲಿರುವುದು ಒಬ್ಬರೇ ವೈದ್ಯರು. ಹೊಸಬರಿಗೆ ಅನುಮಾನ ಬಂದರೆ ಕೇಳಲು ಪಕ್ಕದಲ್ಲಿ ಹಿರಿಯರಿಲ್ಲ. ಆಗ "ಜಿಲ್ಲಾಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆಯುತ್ತಾರೆ. ಗಾಡಿ ಬಾಡಿಗೆ ನಮ್ಮದು, ಹೋದ ಕೂಲಿಯೂ ನಮ್ಮದು. ಅಷ್ಟರಲ್ಲಿ ಹೊತ್ತು ಮೀರಿದರೆ ಜೀವವೂ ನಮ್ಮದೇ.

ಲಾಕ್‌ಡೌನ್‌ನಲ್ಲಿ ಬೇರೆ ದಾರಿ ಇರಲಿಲ್ಲ, ಒಪ್ಪೋಣ. ತಪ್ಪಿದ ಕಲಿಕೆಯನ್ನು ಆಮೇಲೆ ತುಂಬಿಕೊಡಲು ಯಾರು ತಡೆದರು? ಹೊಸ ವೈದ್ಯರನ್ನು ಒಂಟಿಯಾಗಿ ಪಿಎಚ್‌ಸಿಗೆ ಕಳಿಸುವ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲವು ತಿಂಗಳು ಹಿರಿಯರ ಕೈಕೆಳಗೆ ಪಳಗಿಸಲಿ. ಸಂಬಳ ಕೊಟ್ಟೇ ಪಳಗಿಸಲಿ. ಖರ್ಚು ಉಳಿಯುತ್ತದೆಂದು ವಾರ್ಡಿನ ಪಾಠವನ್ನು ಮತ್ತೆ ಪರದೆಗೆ ತಳ್ಳುವ ಯೋಚನೆ ಯಾರಿಗೂ ಬಾರದಿರಲಿ.

ಮುಂದಿನ ಗ್ರಾಮಸಭೆಯಲ್ಲಿ, ಪಿಎಚ್‌ಸಿಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಈ ಮಾತು ಎತ್ತಿ. ಅಂದು ವಿದ್ಯಾರ್ಥಿಗಳು ಕೇಳಿದ್ದನ್ನು ಇಂದು ರೋಗಿಗಳಾದ ನಾವು ಕೇಳಬೇಕು.