ಮಳೆಗಾಲಕ್ಕೆ ಮುನ್ನ ಮುಳುಗುಗಾರರ ಸಿಲಿಂಡರುಗಳ ಪರೀಕ್ಷೆಯಾಗಲಿ

ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದರೆ ಸಾಂಗಲಿ, ಮಿರಜ, ಮಾಧವನಗರಗಳ ಜನರ ಮಾತೆಲ್ಲ ಐರ್ವಿನ್ ಸೇತುವೆಯ ಬಳಿಯ ನೀರಿನ ಮಟ್ಟದ ಸುತ್ತಲೇ ಸುಳಿಯುತ್ತದೆ. ಅಲ್ಲಿ 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ಮೀರಿತು. ಅದೇ ತಿಂಗಳ 8ರಂದು ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಪ್ರವಾಹ ಸಂತ್ರಸ್ತರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. 2021ರಲ್ಲಿ ಪ್ರವಾಹ ಮತ್ತೆ ಬಂದಿತು. ಅಂದಿನಿಂದ ದೋಣಿ, ಜೀವರಕ್ಷಕ ಜಾಕೆಟ್, ಹಗ್ಗಗಳ ಕುರಿತು ಸಾಕಷ್ಟು ಚರ್ಚೆಯಾಗಿದೆ, ಅದು ಆಗಬೇಕಾದದ್ದೇ. ಆದರೆ ಮುಳುಗುಗಾರನ ಬೆನ್ನ ಮೇಲಿರುವ ಗಾಳಿಯ ಸಿಲಿಂಡರಿನ ಸುಸ್ಥಿತಿಯ ಪ್ರಶ್ನೆ ಮಾತ್ರ ಈ ಚರ್ಚೆಯ ಹೊರಗೇ ಉಳಿದಿದೆ. ಈ ಲೇಖನದಲ್ಲಿ ನಾವು ಅದನ್ನೇ ಪರಿಶೀಲಿಸುತ್ತೇವೆ.

ಭೋರ್ಗರೆಯುವ ಪ್ರವಾಹದಲ್ಲಿ ಸ್ಕೂಬಾ ಸಲಕರಣೆ ಧರಿಸಿ ಯಾರೂ ಇಳಿಯುವಂತಿಲ್ಲ. ಅದರ ಉಪಯೋಗ ನೀರು ಇಳಿದ ಮೇಲಿನ ಶೋಧಕಾರ್ಯದಲ್ಲಿ, ಆಳವಾದ ಬಾವಿಗಳಲ್ಲಿ, ನೀರು ತುಂಬಿದ ಕಲ್ಲುಗಣಿಗಳಲ್ಲಿ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೆಯ ಬೆಟಾಲಿಯನ್ ಇರುವುದು ಪುಣೆಯ ಸಮೀಪದ ಸುದುಂಬರೆಯಲ್ಲಿ. ಇಲ್ಲಿಂದ ಅದು ಇನ್ನೂರು ಕಿಲೋಮೀಟರಿಗೂ ದೂರ. ಅಷ್ಟು ದೂರದಿಂದ ಪಡೆ ಬಂದು ಸೇರುವವರೆಗೆ ಸ್ಥಳೀಯ ಸ್ವಯಂಸೇವಕರೇ ನೀರಿಗಿಳಿಯಬೇಕಾಗುತ್ತದೆ. ಅವರ ಸಲಕರಣೆ ದೇಣಿಗೆಯಿಂದಲೋ ಸ್ವಂತ ಗಳಿಕೆಯಿಂದಲೋ ಬಂದದ್ದಾದರೆ, ಅದರ ಪರೀಕ್ಷೆಯ ವೆಚ್ಚವೂ ಅವರ ಜೇಬಿನ ಮೇಲೆಯೇ ಬೀಳುತ್ತದೆ.

ಪರೀಕ್ಷೆ ಏಕೆ ಬೇಕೆಂಬುದನ್ನು ಶಾಲೆಯ ವಿಜ್ಞಾನದಿಂದಲೇ ತಿಳಿಯಬಹುದು. ಹೆಚ್ಚು ಬಳಕೆಯಲ್ಲಿರುವ ಅಲ್ಯೂಮಿನಿಯಂ ಸ್ಕೂಬಾ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರು, ಕಾರ್ಯಒತ್ತಡ 207 ಬಾರ್. ಎಂದರೆ ಸುಮಾರು 2,300 ಲೀಟರು ಗಾಳಿಯನ್ನು ಒಂದು ಕೊಡದಷ್ಟು ಜಾಗದಲ್ಲಿ ಅದುಮಿಡಲಾಗಿರುತ್ತದೆ. ತುಂಬಿಸಿದಾಗ ಲೋಹ ಹಿಗ್ಗುತ್ತದೆ, ಬಳಸಿದಾಗ ಕುಗ್ಗುತ್ತದೆ. ಕಾಲಕ್ರಮದಲ್ಲಿ ಸವಕಳಿ, ತುಕ್ಕು, ಕೊರಳಿನ ಎಳೆಗಳಲ್ಲಿ ಸೂಕ್ಷ್ಮ ಬಿರುಕುಗಳು ತಲೆದೋರುತ್ತವೆ. 6351 ಎಂಬ ಹಳೆಯ ಅಲ್ಯೂಮಿನಿಯಂ ಮಿಶ್ರಲೋಹದ ಸಿಲಿಂಡರುಗಳ ಕೊರಳಿನಲ್ಲಿ ಇಂತಹ ಬಿರುಕು ಕಂಡುಬಂದುದರಿಂದ ಜಗತ್ತಿನಾದ್ಯಂತ ಅವುಗಳ ಮೇಲೆ ವಿಶೇಷ ನಿಗಾ ಇಡಲಾಯಿತು. ಉಕ್ಕಿನ ಸಿಲಿಂಡರಿನ ಅಪಾಯ ಬೇರೆ ಬಗೆಯದು. ಒಳಗೆ ತೇವ ಉಳಿದು ತುಕ್ಕು ಹಿಡಿದರೆ ಆ ತುಕ್ಕು ಗಾಳಿಯಲ್ಲಿನ ಆಮ್ಲಜನಕವನ್ನೇ ಹೀರಿಕೊಳ್ಳುತ್ತದೆ. ಒತ್ತಡಮಾಪಕ ತುಂಬಿದೆಯೆಂದು ತೋರಿಸುತ್ತಿದ್ದರೂ ಆ ಗಾಳಿ ಉಸಿರಾಟಕ್ಕೆ ಯೋಗ್ಯವಾಗಿರದು.

ಜಲ ಒತ್ತಡ ಪರೀಕ್ಷೆಯ ವಿಧಾನ ಸರಳವಾದುದು. ವಾಲ್ವನ್ನು ತೆಗೆದು, ಒಳಭಾಗವನ್ನು ದೀಪದ ಬೆಳಕಿನಲ್ಲಿ ನೋಡಿ, ಸಿಲಿಂಡರಿಗೆ ನೀರು ತುಂಬಿ, ನೀರೇ ತುಂಬಿರುವ ಇನ್ನೊಂದು ಗಟ್ಟಿ ಪಾತ್ರೆಯೊಳಗೆ ಇಳಿಸಲಾಗುತ್ತದೆ. ಬಳಿಕ ಕಾರ್ಯಒತ್ತಡಕ್ಕಿಂತ ಹೆಚ್ಚಿನ ಪರೀಕ್ಷಾ ಒತ್ತಡವನ್ನು ಕೊಟ್ಟು, ಸಿಲಿಂಡರು ಎಷ್ಟು ಹಿಗ್ಗಿತು, ಒತ್ತಡ ತೆಗೆದ ಮೇಲೆ ಎಷ್ಟರ ಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಿತು ಎಂಬುದನ್ನು ಅಳೆಯುತ್ತಾರೆ. ಮರಳದೆ ಉಳಿದ ಹಿಗ್ಗುವಿಕೆ ಮಿತಿಯನ್ನು ದಾಟಿದರೆ ಆ ಸಿಲಿಂಡರು ತಿರಸ್ಕೃತ. ಗಾಳಿಯ ಬದಲು ನೀರನ್ನೇ ಬಳಸಲು ಕಾರಣವಿದೆ. ನೀರು ಅದುಮಿದರೆ ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ ಸಿಲಿಂಡರು ಒಡೆದರೂ ಸ್ಫೋಟದ ರಭಸ ಇರುವುದಿಲ್ಲ.

ನಮ್ಮ ದೇಶದಲ್ಲಿ ಈ ವ್ಯವಹಾರವೆಲ್ಲ 2016ರ ಅನಿಲ ಸಿಲಿಂಡರು ನಿಯಮಗಳಿಗೆ ಒಳಪಟ್ಟಿದೆ. ಅವುಗಳನ್ನು ಜಾರಿಗೊಳಿಸುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ, ಎಂದರೆ ಪೆಸೊದ, ಪ್ರಧಾನ ಕಚೇರಿ ನಮ್ಮದೇ ರಾಜ್ಯದ ನಾಗಪುರದಲ್ಲಿದೆ. ಪರೀಕ್ಷೆಯ ಅವಧಿ ಮೀರಿದ ಸಿಲಿಂಡರನ್ನು ತುಂಬಿಸುವುದು ನಿಯಮಬಾಹಿರ. ಪರೀಕ್ಷೆಯೂ ಮಾನ್ಯತೆ ಪಡೆದ ಕೇಂದ್ರದಲ್ಲಿಯೇ ನಡೆಯಬೇಕು. ವಾಹನಗಳ ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯವೆಂಬುದು ರಿಕ್ಷಾ ಚಾಲಕರಿಗೆಲ್ಲ ಗೊತ್ತು. ಅಡುಗೆ ಅನಿಲದ ಸಿಲಿಂಡರಿನ ಹಿಡಿಕೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರದೊಡನೆ ಇರುವ ಎರಡಂಕಿ ಕೂಡ ಮುಂದಿನ ಪರೀಕ್ಷೆಯ ತ್ರೈಮಾಸಿಕವನ್ನೂ ವರ್ಷವನ್ನೂ ಸೂಚಿಸುತ್ತದೆ. ಸ್ಕೂಬಾ ಸಿಲಿಂಡರಿನ ಭುಜದ ಮೇಲೆಯೂ ಕಾರ್ಯಒತ್ತಡ, ಪರೀಕ್ಷೆಯ ದಿನಾಂಕಗಳನ್ನು ಕೊರೆದಿರುತ್ತಾರೆ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ಜಲ ಒತ್ತಡ ಪರೀಕ್ಷೆ ನಡೆಯುತ್ತದೆ, ವರ್ಷಕ್ಕೊಮ್ಮೆ ಒಳಭಾಗದ ಕಣ್ಣಳತೆಯ ತಪಾಸಣೆ ರೂಢಿಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ಒತ್ತಡ ಪರೀಕ್ಷೆಯೇ ಪ್ರತಿವರ್ಷ.

ಹಾಗಿದ್ದರೆ ತೊಡಕು ಎಲ್ಲಿದೆ? ಸ್ಕೂಬಾ ಉದ್ಯಮ ಬೆಳೆದಿರುವುದು ಕರಾವಳಿಯಲ್ಲಿ: ಮಾಲವಣದ ತಾರಕರ್ಲಿ, ಗೋವೆ, ಮುರ್ಡೇಶ್ವರದ ಬಳಿಯ ನೇತ್ರಾಣಿ. ಒಳನಾಡಿನ ಪರೀಕ್ಷಾ ಕೇಂದ್ರಗಳಿಗೆ ಕೈಗಾರಿಕಾ ಅನಿಲದ ಹಾಗೂ ಸಿಎನ್‌ಜಿಯ ಸಿಲಿಂಡರುಗಳೇ ಮುಖ್ಯ ಕೆಲಸ. ಎರಡು ಮೂರು ಸ್ಕೂಬಾ ಸಿಲಿಂಡರುಗಳನ್ನು ಹೊತ್ತು ಹೋದವನಿಗೆ ಪರೀಕ್ಷೆಯ ಶುಲ್ಕಕ್ಕಿಂತ ಸಾಗಣೆ, ಬಿಡಿಭಾಗ, ಕಳೆದುಕೊಂಡ ದಿನಗೂಲಿ ಹೆಚ್ಚು ಭಾರವಾಗುತ್ತದೆ.

ಈ ಭಾರವನ್ನು ತಪ್ಪಿಸಿಕೊಳ್ಳಲು ಹಿಡಿಯುವ ಅಡ್ಡದಾರಿಗಳು ಪ್ರಾಣಾಂತಿಕ. ಸಿಲಿಂಡರಿಗೆ ವೆಲ್ಡಿಂಗ್ ಮಾಡಿಸುವುದು ಎಂದಿಗೂ ಸಲ್ಲದು. ಹೊಸದಾಗಿ ಕಾಣಲೆಂದು ಕುಪವಾಡದ ಯಾವುದೋ ಕಾರ್ಖಾನೆಯಲ್ಲಿ ಪೌಡರ್ ಕೋಟಿಂಗ್ ಮಾಡಿಸಬಾರದು. ಆ ಬಣ್ಣವನ್ನು ಗಟ್ಟಿಗೊಳಿಸುವ ಭಟ್ಟಿಯ ಶಾಖ ಅಲ್ಯೂಮಿನಿಯಂನ ಬಲವನ್ನೇ ಕುಂದಿಸಬಲ್ಲದು. ಗಾಳಿಯ ಬದಲು ಶುದ್ಧ ಆಮ್ಲಜನಕ ತುಂಬಿಸುವವರಿದ್ದರೆ ಅವರಿಗೂ ಎಚ್ಚರಿಕೆ ಹೇಳಬೇಕು: ಆರು ಮೀಟರಿಗಿಂತ ಆಳದಲ್ಲಿ ಅದು ಮುಳುಗುಗಾರನಿಗೆ ವಿಷವಾಗಿ ಪರಿಣಮಿಸುತ್ತದೆ, ಎಣ್ಣೆಯ ಜಿಡ್ಡು ತಗುಲಿದರೆ ಬೆಂಕಿಗೂ ಕಾರಣವಾಗುತ್ತದೆ. ಅಗ್ಗವೆಂದು ವಿದೇಶದಿಂದ ತರಿಸಿದ ಹಳೆಯ ಸಿಲಿಂಡರಿಗೆ ಪೆಸೊದ ಅನುಮೋದನೆ ಇಲ್ಲದಿದ್ದರೆ ಅದನ್ನು ತುಂಬಿಸುವಂತೆಯೇ ಇಲ್ಲ. ಆಗ ಉಳಿಸಿದ ಹಣವೂ ಹೋಯಿತು, ಸಲಕರಣೆಯೂ ಹೋಯಿತು.

ವೆಚ್ಚವನ್ನು ನ್ಯಾಯವಾಗಿ ತಗ್ಗಿಸುವ ಮಾರ್ಗಗಳಿವೆ. ಮೊದಲನೆಯದು ಒಗ್ಗೂಡುವುದು. ಜಿಲ್ಲೆಯ ಸ್ವಯಂಸೇವಾ ತಂಡಗಳು ತಮ್ಮ ಸಿಲಿಂಡರುಗಳ ಕ್ರಮಾಂಕ ಮತ್ತು ಕೊನೆಯ ಪರೀಕ್ಷೆಯ ದಿನಾಂಕಗಳನ್ನು ಒಂದೇ ವಹಿಯಲ್ಲಿ ಬರೆದಿಟ್ಟು, ಫೆಬ್ರವರಿ–ಮಾರ್ಚಿನಲ್ಲಿ ಎಲ್ಲವನ್ನೂ ಒಂದೇ ವಾಹನದಲ್ಲಿ ಕಳುಹಿಸಿದರೆ ಸಾಗಣೆಯ ಖರ್ಚು ಹಂಚಿಹೋಗುತ್ತದೆ. ಅಗ್ನಿಶಾಮಕ ದಳಗಳೂ ಕಾರ್ಖಾನೆಗಳೂ ಹೊಗೆಯಲ್ಲಿ ಬಳಸುವ ಉಸಿರಾಟದ ಸಿಲಿಂಡರುಗಳಿಗೂ ಕಾಲಕಾಲಕ್ಕೆ ಪರೀಕ್ಷೆ ಬೇಕು. ಅವರೊಡನೆ ಸೇರಿದರೆ ದರದ ಮಾತುಕತೆಗೆ ಬಲ ಬರುತ್ತದೆ. ಎರಡನೆಯದು, ವಾಲ್ವ್ ಹೇಗೂ ಬಿಚ್ಚಬೇಕಾಗಿರುವುದರಿಂದ ಅದರ ರಬ್ಬರ್ ಉಂಗುರಗಳನ್ನೂ ಸವೆದ ಭಾಗಗಳನ್ನೂ ಅದೇ ವೇಳೆಯಲ್ಲಿ ಬದಲಿಸುವುದು. ಮೂರನೆಯದು ದಿನನಿತ್ಯದ ಜೋಪಾನ. ಬಳಸಿದ ಮೇಲೆ ಶುದ್ಧ ನೀರಿನಿಂದ ತೊಳೆಯಬೇಕು. ತೇವ ಒಳಹೋಗದಂತೆ ಸ್ವಲ್ಪ ಒತ್ತಡವನ್ನು ಸದಾ ಉಳಿಸಿ, ನೆರಳಿನಲ್ಲಿ ಇಡಬೇಕು. ಪರೀಕ್ಷೆಯಿಂದ ಮರಳಿದಾಗ ಒಳಭಾಗ ಪೂರ್ಣವಾಗಿ ಒಣಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇಷ್ಟು ಮಾಡಿದ ಸಿಲಿಂಡರು ತಿರಸ್ಕೃತವಾಗುವ ಸಂಭವ ಕಡಿಮೆ.

ಆದರೆ ಎಲ್ಲವನ್ನೂ ಸ್ವಯಂಸೇವಕರ ತಲೆಗೆ ಕಟ್ಟುವುದು ನ್ಯಾಯವಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವನ್ನು ಕೊಟ್ಟಿದೆ. ಸಿದ್ಧತೆ ಅದರ ಕರ್ತವ್ಯಗಳಲ್ಲೊಂದು. ಹೊಸ ಸಲಕರಣೆ ಕೊಳ್ಳುವುದಷ್ಟೇ ಸಿದ್ಧತೆಯಲ್ಲ. ಇದ್ದ ಸಲಕರಣೆಯ ಪರೀಕ್ಷೆಗೆ ವಾರ್ಷಿಕ ಮೊತ್ತವೊಂದನ್ನು ಮೀಸಲಿಡುವುದೂ ಸಿದ್ಧತೆಯೇ. ಪ್ರಾಧಿಕಾರದ ಪಟ್ಟಿಯಲ್ಲಿರುವ ತಂಡಗಳ ಸಿಲಿಂಡರುಗಳ ಪರೀಕ್ಷೆಯ ವೆಚ್ಚವನ್ನು ಜಿಲ್ಲಾಡಳಿತವೇ ಭರಿಸಲಿ ಎಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯ ಬೇಡಿಕೆ ಭಾಷೆಗೆ ಸಂಬಂಧಿಸಿದ್ದು. ಭಾಷಾ ಅಲ್ಪಸಂಖ್ಯಾತರು ಜನಸಂಖ್ಯೆಯ ಶೇ. 15ಕ್ಕಿಂತ ಕಡಿಮೆಯಿಲ್ಲದ ಪ್ರದೇಶಗಳಲ್ಲಿ ಮಹತ್ವದ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿತವಾದ ರಕ್ಷಣೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಓದಿದ ತರುಣರೂ ಬಾವಿಗಿಳಿಯುವ ಧೈರ್ಯವುಳ್ಳವರೇ. ಸಿಲಿಂಡರಿನ ಮೇಲಿನ ಅಂಕಿಗಳನ್ನು ಹೇಗೆ ಓದಬೇಕು, ಏನನ್ನು ಮಾಡಬಾರದು ಎಂಬುದನ್ನು ಮರಾಠಿಯೊಡನೆ ಕನ್ನಡದಲ್ಲಿಯೂ ಒಂದೇ ಪುಟದಲ್ಲಿ ಅಚ್ಚುಹಾಕಿಸಿ ಹಂಚಿದರೆ ಸರ್ಕಾರಕ್ಕೆ ಆಗುವ ಖರ್ಚು ಅತ್ಯಲ್ಪ. ಕನ್ನಡದ ಪಾಠವನ್ನು ಸಿದ್ಧಪಡಿಸಿಕೊಡಲು ನಾವು ಶಿಕ್ಷಕರು ಸಿದ್ಧರಿದ್ದೇವೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಊರಿನಲ್ಲಿ ನೀರಿಗಿಳಿಯುವ ತಂಡವಿದ್ದರೆ ಅವರ ಸಿಲಿಂಡರಿನ ಭುಜದ ಮೇಲಿನ ಕೊನೆಯ ದಿನಾಂಕ ಯಾವುದೆಂದು ಈ ವಾರವೇ ಕೇಳಿರಿ. ಅವಧಿ ಮೀರಿದ್ದರೆ ಪರೀಕ್ಷೆಯಾಗುವವರೆಗೆ ಅದನ್ನು ತುಂಬಿಸದಿರಲು ಒಪ್ಪಿಸಿ, ವೆಚ್ಚದಲ್ಲಿ ಊರವರೂ ಪಾಲುಗೊಳ್ಳಿರಿ.