ಎದೆಯ ಹೊರಗಿನ ಹೃದಯ

ಕಳೆದ ಸೆಪ್ಟೆಂಬರ್ 8ರಂದು, ಹೊಸ ತೆನೆಯ ಹಬ್ಬಕ್ಕೆ, ಹಂಗಾರಕಟ್ಟೆಯ ನಮ್ಮ ನೆರೆಯ ಕ್ರೈಸ್ತ ಗೃಹಸ್ಥರ ಮನೆಗೆ ನಾವು ಮಕ್ಕಳೊಡನೆ ಹೋಗಿದ್ದೆವು. ಚಾವಡಿಯ ಗೋಡೆಯಲ್ಲಿ ಯೇಸುವಿನ ಪಟವೊಂದಿತ್ತು. ಎದೆಯ ಹೊರಗೆ ಕೆಂಪಾದ ಹೃದಯ. ಅದಕ್ಕೆ ಮುಳ್ಳಿನ ಸುತ್ತು. ಮೇಲೆ ಉರಿಯುವ ಜ್ವಾಲೆ, ಜ್ವಾಲೆಯ ನಡುವೆ ಶಿಲುಬೆ. ನಮ್ಮ ಎಂಟು ವರ್ಷದ ಬಾಲಕನು, "ಇವರ ಎದೆ ಒಡೆದದ್ದು ಯಾರು?" ಎಂದು ಕೇಳಿ ನಕ್ಕುಬಿಟ್ಟನು. ಮನೆಯ ಹಿರಿಯಾಕೆಯ ಮುಖವು ಕ್ಷಣಕಾಲ ಬಾಡಿತು. ನಾವು ನಾಚಿ ಹುಡುಗನನ್ನು ಗದರಿಸಿದೆವು.

"ಗದರಿಸಬೇಡಿ," ಎಂದರು ಆಕೆ. "ಮಗಾ, ಹನುಮಂತ ಎದೆ ಸೀಳಿದ ಪಟ ನೋಡಿದ್ದೀಯಲ್ಲ? ಅವನ ಎದೆ ಒಡೆದದ್ದು ಯಾರು?"

"ಅವನೇ."

"ಇವರೂ ಹಾಗೆಯೇ. ತಾವೇ ತೆರೆದು ತೋರಿಸಿದ್ದು."

ತಪ್ಪು ಬಾಲಕನ ಪ್ರಶ್ನೆಯಲ್ಲಿತ್ತೇ, ಇಷ್ಟು ವರ್ಷ ಆ ಪಟದ ಮುಂದೆ ಕುಳಿತೂ ಕೇಳದಿದ್ದ ನಮ್ಮಲ್ಲಿತ್ತೇ ಎಂದು ಆ ರಾತ್ರಿ ನಾವು ಯೋಚಿಸಿದೆವು. ಬಳಿಕ ವಿಚಾರಿಸಿ ತಿಳಿದುದನ್ನು ವಾಚಕರ ಮುಂದಿಡುತ್ತೇವೆ.

ಫ್ರಾನ್ಸಿನ ಪಾರೇ-ಲ-ಮೊನಿಯಾಲ್ ಎಂಬಲ್ಲಿಯ ಕನ್ಯಾಮಠದ ಮಾರ್ಗರೀತಾ ಮರಿಯಾ ಅಲಕೋಕ್ ಎಂಬ ಸಂನ್ಯಾಸಿನಿಯು 1673ರಿಂದ 1675ರವರೆಗಿನ ದರ್ಶನಗಳಲ್ಲಿ ಯೇಸುವಿನ ಹೃದಯವನ್ನು ಕಂಡೆನೆಂದು ಹೇಳಿದಳು. ಜ್ವಾಲೆಯೆಂದರೆ ಪ್ರೀತಿ, ಮುಳ್ಳೆಂದರೆ ಮನುಷ್ಯರ ಕೃತಘ್ನತೆ. 1760ರ ದಶಕದಲ್ಲಿ ಪಾಂಪಿಯೊ ಬಾತೊನಿ ಎಂಬ ಚಿತ್ರಕಾರನು ರೋಮಿನ ಜೆಸು ದೇವಾಲಯಕ್ಕಾಗಿ, ಯೇಸು ಉರಿಯುವ ಹೃದಯವನ್ನು ಕೈಯಲ್ಲಿ ಹಿಡಿದು ನೀಡುವಂತೆ ಬರೆದನು. ಕ್ರೈಸ್ತರಲ್ಲಿಯೂ ಇದು ಎಲ್ಲರಿಗೆ ರುಚಿಸಲಿಲ್ಲ. ಇಟಲಿಯ ಪಿಸ್ತೋಯದಲ್ಲಿ 1786ರಲ್ಲಿ ಸೇರಿದ ಧರ್ಮಸಭೆಯು ಈ ಹೃದಯಭಕ್ತಿಯನ್ನು ಆಕ್ಷೇಪಿಸಿತು. ಆದರೂ 1856ರಲ್ಲಿ ಪೋಪರು ಆ ಹೃದಯದ ಹಬ್ಬವನ್ನು ಕಥೋಲಿಕರ ಸಮಸ್ತ ಸಭೆಗೂ ವಿಧಿಸಿದರು.

ಇಂತಹ ಚಿತ್ರಗಳು ಇನ್ನೂ ಇವೆ. ಸಂತ ಲೂಸಿಯು ತನ್ನ ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದಿರುವಳು. ಮೈಕೆಲೇಂಜೆಲೊ 1541ರಲ್ಲಿ ಮುಗಿಸಿದ ಅಂತಿಮ ತೀರ್ಪಿನ ಚಿತ್ರದಲ್ಲಿ ಸಂತ ಬಾರ್ತೊಲೊಮೆಯು ಸುಲಿದ ಚರ್ಮವನ್ನು ಹಿಡಿದಿರುವನು. ಅವರು ಪಟ್ಟ ಯಾತನೆಯೇ ಅವರ ಗುರುತು.

ಹೋಲಿಕೆಯೊಂದೇ ಸಾಲದೆಂಬುದನ್ನೂ ಹೇಳಬೇಕು. ಹನುಮಂತನ ಎದೆಯಲ್ಲಿ ಕಾಣುವವರು ಅವನು ಭಜಿಸಿದ ಸೀತಾರಾಮರು. ಈ ಪಟದಲ್ಲಿ ಕಾಣುವುದು ಪ್ರೀತಿಸಿದವನ ಗಾಯ. ಹೋಲಿಕೆಯು ಬಾಗಿಲನ್ನು ತೆರೆಯಿತು. ಒಳಗಿರುವುದನ್ನು ಆ ಮನೆಯವರಿಂದಲೇ ಕೇಳಿ ತಿಳಿಯಬೇಕು.

ಮುಂದಿನ ತೆನೆಹಬ್ಬಕ್ಕೂ ಬಾಲಕನನ್ನು ಕರೆದೊಯ್ಯುವೆವು. ಅವನು ಪ್ರಶ್ನೆ ಕೇಳಿದರೆ ಗದರಿಸುವುದಿಲ್ಲ. ಅವನಿಗಿಂತ ಮೊದಲು ನಾವೇ ಕೇಳಬೇಕೆಂದಿದ್ದೇವೆ.